ಹಾಸಿಗೆಯ ಪಕ್ಕದ ಕಾಗದ



ಮಿದುಳಿನ ಶಸ್ತ್ರಚಿಕಿತ್ಸೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಹಸಿರು ನಿಲುವಂಗಿ ತೊಟ್ಟ ವೈದ್ಯರು, ಮೇಲಿನಿಂದ ಬೆಳಕು ಚೆಲ್ಲುವ ದೊಡ್ಡ ದೀಪ, ಸೂಕ್ಷ್ಮದರ್ಶಕ, ಸದಾ ಮಿನುಗುವ ಯಂತ್ರಗಳು. ದೂರದರ್ಶನದವರಿಗೂ ಈ ಚಿತ್ರವೇ ಪ್ರಿಯ. ಕ್ಯಾಮೆರಾಕ್ಕೆ ಚಲನೆ ಬೇಕು, ಬೆಳಕು ಬೇಕು. ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ, ಒಂದು ಸಣ್ಣ ಹಲಗೆಗೆ ಸಿಕ್ಕಿಸಿದ ಕಾಗದವೊಂದು ಇರುತ್ತದೆ. ಅದರ ಮೇಲೆ ಚುಕ್ಕೆಗಳು, ಗೆರೆಗಳು, ಅಂಕಿಗಳು. ಅದನ್ನು ಚಿತ್ರೀಕರಿಸಲು ಯಾರೂ ಹೋಗುವುದಿಲ್ಲ. ಇವತ್ತು ನಾನು ನಿಮಗೆ ಹೇಳಬೇಕೆಂದಿರುವುದು ಆ ಕಾಗದದ ಕಥೆಯನ್ನು.

ರೋಗಿಯ ಆರೈಕೆ ಒಂದು ಕೆಲಸ, ಸಂಶೋಧನೆ ಇನ್ನೊಂದು ಕೆಲಸ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆರೈಕೆ ವಾರ್ಡಿನಲ್ಲಿ, ಸಂಶೋಧನೆ ಪ್ರಯೋಗಾಲಯದಲ್ಲಿ. ಮಿದುಳಿನ ಚಿಕಿತ್ಸೆಯ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಆರೈಕೆಯನ್ನು ಪ್ರಾಮಾಣಿಕವಾಗಿ ಬರೆದಿಟ್ಟು, ಹೋಲಿಸಿ ನೋಡಿದಾಗ ಅದೇ ಸಂಶೋಧನೆಯಾಗುತ್ತದೆ. ಬರೆದಿಡದೆ ಹೋದರೆ ಒಳ್ಳೆಯ ಮನಸ್ಸಿನ ವೈದ್ಯರ ಕೈಯಿಂದಲೂ ರೋಗಿಗೆ ಹಾನಿಯಾಗಬಹುದು. ಇದನ್ನು ತಲೆಗೆ ಬೀಳುವ ಪೆಟ್ಟಿನ ಉದಾಹರಣೆಯಿಂದ ನೋಡೋಣ. ನಿಮ್ಮಲ್ಲಿ ಅನೇಕರು ದ್ವಿಚಕ್ರ ವಾಹನದಲ್ಲಿ ಓಡಾಡುವವರು. ಆದ್ದರಿಂದ ಈ ವಿಷಯ ನಿಮಗೆ ದೂರದ್ದೇನಲ್ಲ.

ಮೊದಲು ಒಂದಿಷ್ಟು ರಚನೆ ತಿಳಿಯೋಣ. ವಯಸ್ಕರ ಮಿದುಳಿನ ತೂಕ ಸುಮಾರು 1,400 ಗ್ರಾಂ. ಅದು ಕರಟದೊಳಗಿನ ಎಳೆಯ ಕೊಬ್ಬರಿಯಂತೆ ಮೃದು. ಅದರ ಸುತ್ತ ತಿಳಿಯಾದ ದ್ರವ, ಒಳಗೆಲ್ಲ ರಕ್ತನಾಳಗಳು, ಹೊರಗೆ ಗಟ್ಟಿಯಾದ ತಲೆಬುರುಡೆ. ಮಿದುಳು, ದ್ರವ, ರಕ್ತ ಈ ಮೂರೂ ಸೇರಿ ಬುರುಡೆಯನ್ನು ಪೂರ್ತಿ ತುಂಬಿರುತ್ತವೆ. ಕಾಲಿಗೆ ಪೆಟ್ಟಾದರೆ ಊದಿಕೊಳ್ಳಲು ಅಲ್ಲಿ ಜಾಗವಿದೆ. ತಲೆಬುರುಡೆಯೊಳಗೆ ಆ ಜಾಗವಿಲ್ಲ. ಅಲ್ಲಿ ರಕ್ತ ಸೋರಿ ಹೆಪ್ಪುಗಟ್ಟಿದರೆ ಅಥವಾ ಮಿದುಳು ಊದಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದರೆ ಮಿದುಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ರಕ್ತ ಸಾಲದಿದ್ದರೆ ಮಿದುಳು ಇನ್ನಷ್ಟು ಹಾಳಾಗುತ್ತದೆ.

ಅಂದರೆ ತಲೆಪೆಟ್ಟಿನಲ್ಲಿ ಎರಡು ಹಂತಗಳಿವೆ. ನೆಲಕ್ಕೆ ಬಡಿದ ಕ್ಷಣದಲ್ಲಿ ಆಗುವ ಹಾನಿ ಒಂದು. ಅದನ್ನು ಯಾವ ವೈದ್ಯರೂ ಹಿಂದಕ್ಕೆ ಪಡೆಯಲಾರರು. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಆಗುವ ಹಾನಿ ಇನ್ನೊಂದು. ಇದನ್ನು ತಡೆಯಲು ಸಾಧ್ಯವಿದೆ. ಚಿಕಿತ್ಸೆಯೆಲ್ಲ ಈ ಎರಡನೆಯ ಹಾನಿಯೊಡನೆ ನಡೆಸುವ ಹೋರಾಟ. ಆದರೆ ಹಾನಿ ಆಗುತ್ತಿದೆಯೆಂದು ಹೊರಗಿನಿಂದ ತಿಳಿಯುವುದು ಹೇಗೆ? ಇಲ್ಲಿಂದ ನಮ್ಮ ಕಾಗದದ ಕಥೆ ಶುರುವಾಗುತ್ತದೆ.

ಅಮೆರಿಕದ ಹಾರ್ವೆ ಕುಶಿಂಗ್ ಆಧುನಿಕ ಮಿದುಳು ಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು. 1890ರ ದಶಕದಲ್ಲಿ ಅವರು ಬಾಸ್ಟನ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸವನ್ನು ಹೆಚ್ಚಿನ ತರಬೇತಿಯಿಲ್ಲದ ವಿದ್ಯಾರ್ಥಿಗಳೇ ಮಾಡಬೇಕಾಗಿತ್ತು. ಹಾಗೆ ಕುಶಿಂಗ್ ಈಥರ್ ಕೊಡುತ್ತಿದ್ದ ಒಬ್ಬ ರೋಗಿ ಮೇಜಿನ ಮೇಲೆಯೇ ತೀರಿಕೊಂಡರು. ಆ ಆಘಾತದಿಂದ ಅವರು ವೈದ್ಯವೃತ್ತಿಯನ್ನೇ ಬಿಡುವ ಯೋಚನೆ ಮಾಡಿದ್ದರಂತೆ. ಬಿಡಲಿಲ್ಲ. ಅವರೂ ಅವರ ಸಹಪಾಠಿ ಅರ್ನೆಸ್ಟ್ ಅಮೋರಿ ಕಾಡ್ಮನ್ನರೂ ಒಂದು ಪಂದ್ಯ ಕಟ್ಟಿದರು. ಯಾರು ಹೆಚ್ಚು ಚೆನ್ನಾಗಿ ಈಥರ್ ಕೊಡುತ್ತಾರೋ ಅವರಿಗೆ ಸೋತವರು ಊಟ ಹಾಕಿಸಬೇಕು. ಯಾರು ಗೆದ್ದರೆಂದು ತೀರ್ಮಾನಿಸಲು ಲೆಕ್ಕ ಬೇಕಲ್ಲ? ಇಬ್ಬರೂ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯ ನಾಡಿಬಡಿತ, ಉಸಿರಾಟಗಳನ್ನು ಕೆಲವು ನಿಮಿಷಗಳಿಗೊಮ್ಮೆ ಕಾಗದದ ಮೇಲೆ ಗುರುತಿಸತೊಡಗಿದರು. 1901ರಲ್ಲಿ ಇಟಲಿಯಲ್ಲಿ ರಕ್ತದೊತ್ತಡ ಅಳೆಯುವ ಸಾಧನವನ್ನು ಕಂಡ ಕುಶಿಂಗ್ ಅದನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡರು. ಇಂದು ಯಾವುದೇ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ತಜ್ಞರು ಬರೆದಿಡುವ ಪಟ್ಟಿಯ ಮೂಲ ಈ ವಿದ್ಯಾರ್ಥಿಗಳ ಪಂದ್ಯದಲ್ಲಿದೆ.

ಮುಂದೆ ಕಾಡ್ಮನ್ ಒಂದು ಸರಳ ಮಾತನ್ನು ಹಿಡಿದು ಜೀವನವಿಡೀ ಹೋರಾಡಿದರು. ಆಸ್ಪತ್ರೆಯು ತಾನು ಚಿಕಿತ್ಸೆ ಕೊಟ್ಟ ಪ್ರತಿಯೊಬ್ಬ ರೋಗಿಯನ್ನೂ ಸಾಕಷ್ಟು ಕಾಲ ಅನುಸರಿಸಬೇಕು. ಗುಣವಾಯಿತೇ ಎಂದು ನೋಡಬೇಕು. ಆಗದಿದ್ದರೆ ಏಕೆ ಎಂದು ಹುಡುಕಬೇಕು. ಕೇಳಲು ಎಷ್ಟು ಸಹಜವಾದ ಮಾತು! ಆದರೆ ಇದಕ್ಕಾಗಿ ಅವರು ಸಹೋದ್ಯೋಗಿಗಳ ವಿರೋಧ ಕಟ್ಟಿಕೊಳ್ಳಬೇಕಾಯಿತು.

ಕುಶಿಂಗ್ ಅವರ ಬಳಿ ಕಲಿತವರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರು. 1935ರ ಮೇ ತಿಂಗಳಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಅವರನ್ನು ನೋಡಲು ಕರೆಸಿದ ತಜ್ಞರಲ್ಲಿ ಕೇರ್ನ್ಸ್ ಇದ್ದರು. ಆರು ದಿನಗಳ ನಂತರ ಲಾರೆನ್ಸ್ ಪ್ರಜ್ಞೆ ಮರಳದೆಯೇ ತೀರಿಕೊಂಡರು. ಎರಡನೆಯ ಮಹಾಯುದ್ಧ ಬಂದಾಗ ಕೇರ್ನ್ಸ್ ಲೆಕ್ಕ ಹಾಕಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮಂದಿ ಮೋಟಾರ್ ಸೈಕಲ್ ಸವಾರರೂ ಹಿಂಬದಿ ಸವಾರರೂ ಸತ್ತಿದ್ದರು. ಹೆಲ್ಮೆಟ್ ಧರಿಸಿದ್ದೂ ತಲೆಗೆ ಪೆಟ್ಟಾದವರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಆ ಏಳು ಮಂದಿಯೂ ಬದುಕಿದ್ದರು.

ಏಳು ಎಂಬುದು ಬಹಳ ಸಣ್ಣ ಸಂಖ್ಯೆ. ಆದರೆ ಅದು ಒಂದು ದಾರಿ ತೋರಿಸಿತು. ಕೇರ್ನ್ಸ್ 1941ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ಸವಾರರಿಗೆ ಬ್ರಿಟನ್ನಿನಲ್ಲಿ ಈ ನಿಯಮ ಬರಲು 1973ರವರೆಗೆ ಕಾಯಬೇಕಾಯಿತು. ನಂತರದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆಂದು ಕಂಡುಬಂದಿದೆ. ಹೆಲ್ಮೆಟ್ ಎಂದರೆ ಪೊಲೀಸರ ದಂಡ ಮಾತ್ರ ನೆನಪಾಗುವ ನಮಗೆ, ಅದರ ಹಿಂದೆ ಒಬ್ಬ ಶಸ್ತ್ರವೈದ್ಯರ ಲೆಕ್ಕದ ಪುಸ್ತಕವಿದೆ ಎಂಬುದು ತಿಳಿದಿರಲಿ.

ಈಗ ಆಸ್ಪತ್ರೆಗೆ ಬರೋಣ. ಪೆಟ್ಟಾದ ವ್ಯಕ್ತಿಯನ್ನು ಕರೆತಂದಿದ್ದಾರೆ. ಅವನ ಪ್ರಜ್ಞೆ ಎಷ್ಟಿದೆ? 1970ರ ದಶಕದ ಆರಂಭದವರೆಗೆ ಇದನ್ನು ವಿವರಿಸಲು ವೈದ್ಯರು ‘ಮಂಪರು’, ‘ಅರೆಪ್ರಜ್ಞೆ’, ‘ಗಾಢ ಅಪ್ರಜ್ಞೆ’ ಎಂಬಂಥ ಪದಗಳನ್ನು ಬಳಸುತ್ತಿದ್ದರು. ಒಬ್ಬರ ‘ಅರೆಪ್ರಜ್ಞೆ’ ಇನ್ನೊಬ್ಬರಿಗೆ ‘ಮಂಪರು’. ರಾತ್ರಿ ಪಾಳಿಯ ವೈದ್ಯರು ಬರೆದದ್ದನ್ನು ಬೆಳಗಿನ ಪಾಳಿಯವರು ಬೇರೆಯಾಗಿ ಅರ್ಥ ಮಾಡಿಕೊಂಡರೆ, ರೋಗಿ ಸುಧಾರಿಸುತ್ತಿದ್ದಾನೋ ಹದಗೆಡುತ್ತಿದ್ದಾನೋ ತಿಳಿಯುವುದು ಹೇಗೆ?

1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ಶಸ್ತ್ರವೈದ್ಯರು ಇದಕ್ಕೊಂದು ಉಪಾಯ ಕಂಡುಹಿಡಿದರು. ಅದೇ ‘ಗ್ಲಾಸ್ಗೋ ಕೋಮಾ ಮಾಪಕ’. ಇದಕ್ಕೆ ಯಂತ್ರ ಬೇಡ, ವಿದ್ಯುತ್ ಬೇಡ. ಮೂರು ಸಂಗತಿಗಳನ್ನು ನೋಡಿದರೆ ಸಾಕು: ಕಣ್ಣು, ಮಾತು, ಚಲನೆ.

ಕಣ್ಣಿಗೆ ನಾಲ್ಕು ಅಂಕ. ತಾನಾಗಿಯೇ ಕಣ್ಣು ತೆರೆದಿದ್ದರೆ 4, ಕರೆದಾಗ ತೆರೆದರೆ 3, ಒತ್ತಿ ನೋಯಿಸಿದಾಗ ಮಾತ್ರ ತೆರೆದರೆ 2, ತೆರೆಯದಿದ್ದರೆ 1. ಮಾತಿಗೆ ಐದು ಅಂಕ. ತಾನು ಯಾರು, ಎಲ್ಲಿದ್ದೇನೆ, ಇದು ಯಾವ ತಿಂಗಳು ಎಂದು ಸರಿಯಾಗಿ ಹೇಳಿದರೆ 5. ಗೊಂದಲದ ಮಾತಾದರೆ 4. ಬಿಡಿ ಪದಗಳಾದರೆ 3. ಬರಿಯ ನರಳಾಟವಾದರೆ 2. ಏನೂ ಇಲ್ಲದಿದ್ದರೆ 1. ಚಲನೆಗೆ ಆರು ಅಂಕ. ‘ಕೈ ಎತ್ತು’ ಎಂದರೆ ಎತ್ತಿದರೆ 6; ನೋವಾದ ಜಾಗಕ್ಕೆ ಕೈ ತಂದು ತಳ್ಳಲು ನೋಡಿದರೆ 5; ಕೈಯನ್ನು ಹಿಂದಕ್ಕೆಳೆದುಕೊಂಡರೆ 4. ಕೈ ಅಸಹಜವಾಗಿ ಮಡಿಚಿಕೊಂಡರೆ 3, ಸೆಟೆದು ನೀಳವಾದರೆ 2, ಅಲುಗಾಡದಿದ್ದರೆ 1. ಎಲ್ಲ ಕೂಡಿದರೆ ಗರಿಷ್ಠ 15, ಕನಿಷ್ಠ 3. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು ಎಂದು ಲೆಕ್ಕ.

ಇಲ್ಲಿ ಎರಡು ಮಾತು ಗಮನಿಸಿ. ಮೊದಲನೆಯದು, ಇದನ್ನು ಮಾಡಲು ದೊಡ್ಡ ತಜ್ಞರೇ ಬೇಕೆಂದಿಲ್ಲ. ರಾತ್ರಿಯೆಲ್ಲ ಎಚ್ಚರವಿರುವ ದಾದಿಯೊಬ್ಬರು ಮಾಡಬಲ್ಲರು, ಮತ್ತೆ ಮತ್ತೆ ಮಾಡಬಲ್ಲರು. ಎರಡನೆಯದು, ಒಂದು ಸಲದ ಅಂಕಕ್ಕಿಂತ ಅಂಕ ಸಾಗುತ್ತಿರುವ ದಿಕ್ಕು ಮುಖ್ಯ. ರಾತ್ರಿ ಹತ್ತಕ್ಕೆ 14 ಇದ್ದದ್ದು ಹನ್ನೊಂದಕ್ಕೆ 12 ಆಯಿತೆಂದರೆ ಒಳಗೆ ಏನೋ ನಡೆಯುತ್ತಿದೆ. ಕೂಡಲೇ ವೈದ್ಯರನ್ನು ಎಬ್ಬಿಸಬೇಕು. ಇನ್ನೊಂದು ಸೂಕ್ಷ್ಮವೂ ಉಂಟು. ರೋಗಿಯನ್ನು ಅವನಿಗೆ ಗೊತ್ತಿರುವ ಭಾಷೆಯಲ್ಲಿ ಕೇಳಬೇಕು. ತುಳುವೋ ಉರ್ದುವೋ ಲಂಬಾಣಿಯೋ ಮನೆಮಾತಾಗಿರುವವನಿಗೆ ತಿಳಿಯದ ಭಾಷೆಯಲ್ಲಿ ಪ್ರಶ್ನೆ ಹಾಕಿ, ಉತ್ತರ ಬರಲಿಲ್ಲವೆಂದು ಅಂಕ ಕಳೆದರೆ ತಪ್ಪು ರೋಗಿಯದಲ್ಲ.

ಈ ಕಾಗದ ಏಕೆ ಬೇಕೆಂಬುದನ್ನು ಗ್ಲಾಸ್ಗೋದಲ್ಲೇ 1975ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮನಗಾಣಿಸಿತು. ಅದರ ವಿಷಯ ‘ಮಾತಾಡಿ, ಆಮೇಲೆ ಸತ್ತವರು’. ಪೆಟ್ಟಾದ ಮೇಲೆ ಒಂದಿಷ್ಟು ಹೊತ್ತು ಮಾತಾಡಿದ ವ್ಯಕ್ತಿಯ ಮಿದುಳು ನೆಲಕ್ಕೆ ಬಡಿದ ಕ್ಷಣದಲ್ಲೇ ಪೂರ್ತಿ ನಾಶವಾಗಿರಲಿಲ್ಲವೆಂದೇ ಅರ್ಥ. ಅಂಥವರು ಸತ್ತರೆ, ಅವರನ್ನು ಕೊಂದದ್ದು ನಂತರ ನಡೆದ ಸಂಗತಿ: ಹೆಪ್ಪುಗಟ್ಟಿದ ರಕ್ತ, ಏರಿದ ಒತ್ತಡ, ಸಾಲದ ರಕ್ತಪೂರೈಕೆ. ಇವುಗಳಲ್ಲಿ ಹಲವನ್ನು ತಡೆಯಬಹುದಾಗಿತ್ತು. ಸಕಾಲದಲ್ಲಿ ಬುರುಡೆಗೆ ರಂಧ್ರ ಮಾಡಿ ಹೆಪ್ಪನ್ನು ತೆಗೆದರೆ ಬದುಕುವ ವ್ಯಕ್ತಿ, ‘ಚೆನ್ನಾಗಿಯೇ ಮಾತಾಡುತ್ತಿದ್ದಾನಲ್ಲ’ ಎಂಬ ಸಮಾಧಾನದಲ್ಲಿ ಸಾಯಬಹುದು.

ಗ್ಲಾಸ್ಗೋ ಮಾಪಕದಿಂದ ಇನ್ನೊಂದು ದೊಡ್ಡ ಉಪಕಾರವಾಯಿತು. ಬೆಂಗಳೂರಿನ ‘9’ ಮತ್ತು ಬ್ರಿಟನ್ನಿನ ‘9’ ಒಂದೇ ಆದವು. ಹಾಗಾದಾಗ ಬೇರೆ ಬೇರೆ ದೇಶಗಳ ಸಾವಿರಾರು ರೋಗಿಗಳನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ಆರೈಕೆಗಾಗಿ ಮಾಡಿದ ಪಟ್ಟಿ ಸಂಶೋಧನೆಯ ಅಳತೆಗೋಲೂ ಆಯಿತು. ಇದರ ಫಲವಾಗಿ ಬಂದ ಒಂದು ಪಾಠವನ್ನು ಈಗ ನೋಡೋಣ.

1960ರ ದಶಕದ ಆರಂಭದಲ್ಲಿ ಮಿದುಳಿನ ಗಡ್ಡೆ ಇರುವ ರೋಗಿಗಳಿಗೆ ಸ್ಟೀರಾಯ್ಡ್ ಔಷಧ ಕೊಟ್ಟರೆ ಗಡ್ಡೆಯ ಸುತ್ತಲಿನ ಊತ ಇಳಿಯುತ್ತದೆಂದು ತಿಳಿದುಬಂತು. ಇದು ನಿಜವಾದ ಪ್ರಗತಿ. ಇಂದಿಗೂ ಆ ಚಿಕಿತ್ಸೆ ಬಳಕೆಯಲ್ಲಿದೆ. ಹಾಗಾದರೆ ತಲೆಪೆಟ್ಟಿನಲ್ಲೂ ಮಿದುಳು ಊದುತ್ತದಲ್ಲ, ಅಲ್ಲೂ ಇದು ಕೆಲಸ ಮಾಡಬೇಕಲ್ಲವೇ? ತರ್ಕ ಸರಿಯಾಗಿಯೇ ಕಾಣುತ್ತದೆ. ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ತಲೆಪೆಟ್ಟಿನ ರೋಗಿಗಳಿಗೆ ಸ್ಟೀರಾಯ್ಡ್ ಕೊಡಲಾಯಿತು. ನಡೆದ ಪ್ರಯೋಗಗಳು ಚಿಕ್ಕವು. ಅವುಗಳಿಂದ ಖಚಿತ ಉತ್ತರ ಬರಲಿಲ್ಲ.

ಕೊಟ್ಟವರಲ್ಲಿ ಹಲವರು ಬದುಕಿದರು. ವೈದ್ಯರು ‘ಔಷಧ ಫಲಿಸಿತು’ ಎಂದುಕೊಂಡರು. ಕೆಲವರು ಸತ್ತರು. ‘ಪೆಟ್ಟು ಅಷ್ಟು ಜೋರಾಗಿತ್ತು’ ಎಂದುಕೊಂಡರು. ಹೀಗೆ ಯೋಚಿಸಿದರೆ ಯಾವ ಔಷಧವೂ ಸೋಲುವುದಿಲ್ಲ ನೋಡಿ! ಔಷಧ ಕೊಡದಿದ್ದರೆ ಅದೇ ರೋಗಿಗಳಿಗೆ ಏನಾಗುತ್ತಿತ್ತು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಎಲ್ಲ ವಿಧದಲ್ಲೂ ಸಮಾನವಾದ ಎರಡು ಗುಂಪುಗಳಿರಬೇಕು. ವೈದ್ಯರೇ ಆರಿಸಿದರೆ ಸಮಾನವಾಗುವುದಿಲ್ಲ. ಅರಿವಿಲ್ಲದೆಯೇ ಅವರು ಆಸೆಯಿರುವ ರೋಗಿಯನ್ನು ಒಂದು ಕಡೆಗೆ ಹಾಕುತ್ತಾರೆ. ಆದ್ದರಿಂದ ಚೀಟಿ ಎತ್ತಿದಂತೆ, ಯಾರು ಯಾವ ಗುಂಪಿಗೆ ಎಂಬುದನ್ನು ಆಕಸ್ಮಿಕಕ್ಕೆ ಬಿಡಬೇಕು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ದ್ರವ. ಯಾವುದು ಯಾರಿಗೆ ಎಂದು ಕೊಡುವವರಿಗೂ ತಿಳಿದಿರಬಾರದು. ಉಳಿದ ಚಿಕಿತ್ಸೆಯೆಲ್ಲ ಇಬ್ಬರಿಗೂ ಒಂದೇ.

ಲಂಡನ್ನಿನ ಸಂಶೋಧಕರು ಸಂಯೋಜಿಸಿದ ‘ಕ್ರ್ಯಾಶ್’ ಎಂಬ ಪ್ರಯೋಗ 1999ರಲ್ಲಿ ಆರಂಭವಾದದ್ದು ಹೀಗೆ. ಪೆಟ್ಟಾಗಿ 8 ಗಂಟೆಯೊಳಗೆ ಬಂದ, ಗ್ಲಾಸ್ಗೋ ಅಂಕ 14 ಅಥವಾ ಅದಕ್ಕಿಂತ ಕಡಿಮೆ ಇದ್ದ ವಯಸ್ಕರನ್ನು ಅದರಲ್ಲಿ ಸೇರಿಸಿಕೊಂಡರು. 49 ದೇಶಗಳ 239 ಆಸ್ಪತ್ರೆಗಳು ಭಾಗವಹಿಸಿದವು. ಗುರಿ 20,000 ರೋಗಿಗಳು. ಆದರೆ 2004ರಲ್ಲಿ, 10,008 ರೋಗಿಗಳಾಗುವಷ್ಟರಲ್ಲಿ, ಅಂಕಿಅಂಶಗಳ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿಯ ಅಭಿಪ್ರಾಯದ ಮೇಲೆ ಪ್ರಯೋಗವನ್ನು ನಿಲ್ಲಿಸಲಾಯಿತು.

ಏಕೆ? ಎರಡು ವಾರಗಳೊಳಗೆ ಔಷಧವಿಲ್ಲದ ಗುಂಪಿನಲ್ಲಿ 893 ಮಂದಿ ಸತ್ತಿದ್ದರು, ಅಂದರೆ ಶೇ. 17.9. ಸ್ಟೀರಾಯ್ಡ್ ಪಡೆದ ಗುಂಪಿನಲ್ಲಿ 1,052 ಮಂದಿ ಸತ್ತಿದ್ದರು, ಅಂದರೆ ಶೇ. 21.1. ಉಳಿಸುತ್ತದೆಂದು ನಂಬಿ ಕೊಟ್ಟ ಔಷಧ ನೂರಕ್ಕೆ ಸುಮಾರು ಮೂವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿತ್ತು.

ನೂರಕ್ಕೆ ಮೂವರು! ವರ್ಷಕ್ಕೆ ಐವತ್ತು ಇಂಥ ರೋಗಿಗಳನ್ನು ನೋಡುವ ವೈದ್ಯರ ಕಣ್ಣಿಗೆ ಈ ವ್ಯತ್ಯಾಸ ಎಂದೂ ಕಾಣುವುದಿಲ್ಲ. ಅವರ ಅನುಭವ ಎಷ್ಟೇ ದೊಡ್ಡದಿರಲಿ, ಮನಸ್ಸು ಎಷ್ಟೇ ಒಳ್ಳೆಯದಿರಲಿ, ಕಾಣುವುದಿಲ್ಲ. ಹತ್ತು ಸಾವಿರ ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಾಣುತ್ತದೆ.

‘ಹಾಗಾದರೆ ಆ ರೋಗಿಗಳು ಪ್ರಯೋಗದ ಪ್ರಾಣಿಗಳಾದರಲ್ಲ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಪ್ರಯೋಗ ನಡೆಯದಿದ್ದರೆ ಆ ಔಷಧ ನಿಲ್ಲುತ್ತಿರಲಿಲ್ಲ. ಲೆಕ್ಕವಿಲ್ಲದೆ, ಸಮಿತಿಯಿಲ್ಲದೆ ವಾರ್ಡುಗಳಲ್ಲಿ ಮುಂದುವರಿಯುತ್ತಿತ್ತು. ಆದರೂ ಇಷ್ಟರಿಂದಲೇ ಎಲ್ಲ ಸರಿಯೆನ್ನಲಾಗದು. ಪ್ರಜ್ಞೆ ತಪ್ಪಿದ ವ್ಯಕ್ತಿ ಒಪ್ಪಿಗೆ ಕೊಡಲಾರ. ಅವನ ಪರವಾಗಿ ಆಸ್ಪತ್ರೆಯ ಬಾಗಿಲಲ್ಲಿ ಗಾಬರಿಯಿಂದ ನಿಂತ ತಾಯಿಯೋ ತಮ್ಮನೋ ಹೇಳಬೇಕು. ಆದ್ದರಿಂದಲೇ ಸಂಶೋಧನೆಗೆ ಕಟ್ಟುನಿಟ್ಟಾದ ಬೇಲಿ ಬೇಕು. ನಾಜಿ ವೈದ್ಯರ ಕ್ರೌರ್ಯದ ವಿಚಾರಣೆಯ ನಂತರ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. 1964ರಲ್ಲಿ ಹೆಲ್ಸಿಂಕಿ ಘೋಷಣೆ ಬಂತು. ನಮ್ಮ ದೇಶದಲ್ಲಿ 2007ರಲ್ಲಿ ವೈದ್ಯಕೀಯ ಪ್ರಯೋಗಗಳ ನೋಂದಣಿ ಪುಸ್ತಕ ತೆರೆಯಲಾಯಿತು. 2009ರಿಂದ ನೋಂದಣಿ ಕಡ್ಡಾಯವಾಯಿತು. 2019ರ ನಿಯಮಗಳು ನೈತಿಕ ಸಮಿತಿಯ ಅನುಮತಿಯನ್ನೂ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರವನ್ನೂ ವಿಧಿಸಿವೆ. ಒಪ್ಪಿಗೆ ಪತ್ರ ಓದುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಒಪ್ಪದಿದ್ದರೂ ಚಿಕಿತ್ಸೆಗೆ ಕುಂದು ಬರಬಾರದು. ಹಾಸಿಗೆಯ ಪಕ್ಕದ ಕಾಗದಗಳಲ್ಲಿ ಈ ಒಪ್ಪಿಗೆ ಪತ್ರವೂ ಒಂದು.

ಕೊನೆಯದಾಗಿ ಒಂದು ಕಷ್ಟದ ಪ್ರಶ್ನೆ. ಚಿಕಿತ್ಸೆ ಫಲಿಸಿತು ಎಂದರೆ ಏನರ್ಥ? ಊದಿದ ಮಿದುಳಿಗೆ ಜಾಗ ಮಾಡಿಕೊಡಲು ಬುರುಡೆಯ ಒಂದು ದೊಡ್ಡ ತುಂಡನ್ನು ತೆಗೆದಿಡುವ ಶಸ್ತ್ರಚಿಕಿತ್ಸೆಯೊಂದಿದೆ. ಬೇರೆ ಯಾವ ಚಿಕಿತ್ಸೆಗೂ ಒತ್ತಡ ಇಳಿಯದ 408 ರೋಗಿಗಳಲ್ಲಿ ನಡೆದ ಇದರ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದಾಗ, ಔಷಧ ಚಿಕಿತ್ಸೆಯನ್ನಷ್ಟೇ ಮುಂದುವರಿಸಿದವರಲ್ಲಿ ಶೇ. 48.9 ಮಂದಿ ಸತ್ತಿದ್ದರು, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 26.9 ಮಾತ್ರ. ದೊಡ್ಡ ಗೆಲುವೇ ಸರಿ. ಆದರೆ ಕಣ್ಣು ತೆರೆದಿದ್ದರೂ ಸುತ್ತಲಿನ ಅರಿವಿಲ್ಲದೆ ಉಳಿದವರ ಪ್ರಮಾಣ ಶೇ. 2.1ರಿಂದ 8.5ಕ್ಕೆ ಏರಿತ್ತು. ಪರಾವಲಂಬಿಗಳಾಗಿ ಉಳಿದವರೂ ಹೆಚ್ಚಿದ್ದರು. ಮನೆಯೊಳಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಸುಧಾರಿಸಿದವರೂ ಹೆಚ್ಚಿದ್ದರು. ಪೂರ್ತಿ ಚೇತರಿಸಿಕೊಂಡವರು ಎರಡೂ ಗುಂಪಿನಲ್ಲಿ ಕೆಲವರೇ.

ಈ ಅಂಕಿಗಳು ವೈದ್ಯರ ಪರವಾಗಿ ತೀರ್ಮಾನ ಮಾಡುವುದಿಲ್ಲ. ಮನೆಯವರ ಪರವಾಗಿಯೂ ಮಾಡುವುದಿಲ್ಲ. ‘ಉಳಿಯಬಹುದು, ಆದರೆ ಹೀಗೂ ಉಳಿಯಬಹುದು’ ಎಂದು ಪ್ರಾಮಾಣಿಕವಾಗಿ ಹೇಳುವ ಶಕ್ತಿಯನ್ನು ಅವು ವೈದ್ಯರಿಗೆ ಕೊಡುತ್ತವೆ. ತಿಂಗಳುಗಟ್ಟಲೆ ಆರೈಕೆ ಮಾಡಬೇಕಾದ ಮನೆಯವರಿಗೆ ಆ ಪ್ರಾಮಾಣಿಕತೆ ಸಲ್ಲಬೇಕಾದ ಮರ್ಯಾದೆ.

ಗ್ಲಾಸ್ಗೋ ಮಾಪಕ ಬಂದ 1974ರಲ್ಲೇ ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್.ಎಂ. ವರ್ಮ ಅವರೂ ಮಿದುಳಿನ ಶಸ್ತ್ರವೈದ್ಯರೇ. ಚಿಕಿತ್ಸೆ, ಬೋಧನೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯಬೇಕೆಂಬುದು ಆ ಸಂಸ್ಥೆಯ ತಳಹದಿ. ರಸ್ತೆಯಲ್ಲಿ ಬಿದ್ದು ತಲೆಗೆ ಪೆಟ್ಟಾದವರು ರಾಜ್ಯದ ಮೂಲೆಮೂಲೆಗಳಿಂದ ಅಲ್ಲಿಗೆ ಬರುತ್ತಾರೆ. ಬರುವವರಲ್ಲಿ ನಿಮ್ಮ ವಯಸ್ಸಿನವರೂ ಇರುತ್ತಾರೆ.

ಆದ್ದರಿಂದ ಮಿತ್ರರೇ, ಮೂರು ಮಾತು ನೆನಪಿಡಿ. ಹತ್ತಿರದ ಅಂಗಡಿಗೆ ಹೋಗುವಾಗಲೂ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದುಕೊಳ್ಳಿ. ಹಿಂದೆ ಕುಳಿತವರಿಗೂ ಒಂದು ಬೇಕು. ತಲೆಗೆ ಪೆಟ್ಟಾದ ಗೆಳೆಯ ‘ನನಗೇನೂ ಆಗಿಲ್ಲ’ ಎಂದರೂ ಅವನನ್ನು ಒಂಟಿಯಾಗಿ ಮಲಗಲು ಬಿಡಬೇಡಿ, ವೈದ್ಯರಿಗೆ ತೋರಿಸಿ. ತಲೆನೋವು ಹೆಚ್ಚುತ್ತಿದ್ದರೆ, ವಾಂತಿಯಾಗುತ್ತಿದ್ದರೆ, ಮಂಪರು ಕವಿಯುತ್ತಿದ್ದರೆ ಒಂದು ನಿಮಿಷವೂ ತಡಮಾಡದೆ 108ಕ್ಕೆ ಕರೆ ಮಾಡಿ. ಯಾವ ಹೊತ್ತಿಗೆ ಬಿದ್ದ, ಯಾವಾಗ ಮಾತಾಡಿದ, ಯಾವಾಗ ವಾಂತಿ ಮಾಡಿದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರಿಗೆ ನೀವು ಕೊಡಬಹುದಾದ ಅತ್ಯಂತ ಉಪಯುಕ್ತ ವಸ್ತು ಅದೇ.

ಮೂರನೆಯ ಮಾತು ನಿಮ್ಮ ಓದಿಗೆ ಸಂಬಂಧಿಸಿದ್ದು. ಪ್ರಯೋಗಾಲಯದಲ್ಲಿ ಉತ್ತರ ಹೊಂದಿಕೆಯಾಗದಿದ್ದಾಗ ಅಂಕಿಯನ್ನು ತಿದ್ದಿ ಬರೆಯಬೇಕೆನಿಸುತ್ತದೆ. ತಿದ್ದಬೇಡಿ. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸ ಅಲ್ಲಿಯೇ ಆಗಬೇಕು. ಮುಂದೊಂದು ದಿನ ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ದಾದಿಯರಾಗುತ್ತೀರಿ. ಆಗ ನೀವು ಬರೆಯುವ ಒಂದು ಅಂಕಿಯನ್ನು ನಂಬಿ ಇನ್ನೊಬ್ಬರು ಬುರುಡೆ ತೆರೆಯಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ.